ದೋಣಿಯ ಕೆಳಗಿನ ಜ್ಞಾನೋದಯ

ಫಿಲಿಪೀನ್ಸಿನ ಬೋಹೋಲ್ ದ್ವೀಪದ ಜೆಟ್ಟಿಯಲ್ಲಿ, ಪಕ್ಕದ ಸೆಬು ದ್ವೀಪಕ್ಕೆ ಹೋಗುವ ಲಾಂಚಿನ ಟಿಕೆಟ್ಟಿಗೆ ನಿಂತಿದ್ದೆ. ನನ್ನ ಮುಂದೆ ಇಬ್ಬರು ಮೀನುಗಾರರು. ಡೆಲ್ಫಿನ್ ಇಸ್ತ್ರಿ ಅಂಗಿ ತೊಟ್ಟಿದ್ದ. ಅವನ ಪಕ್ಕದ ಮನೆಯ ತೆಮ್ಯೋ ಒಣಮೀನಿನ ಬುಟ್ಟಿ ಹಿಡಿದಿದ್ದ.

"ಎಲ್ಲಿಗೋ ಸವಾರಿ?" ಅಂದ ತೆಮ್ಯೋ.

"ಸೆಬುವಿನ ಮೀನುಗಾರರ ಸಂಘದಲ್ಲಿ ನನ್ನ ಭಾಷಣ. ದೃಷ್ಟಿಕೋನ ಬದಲಿಸಿ, ದೋಣಿ ಉಳಿಸಿ ಅಂತ."

"ಮೂರು ತಿಂಗಳು ದೋಣಿ ತೂತು ಸಿಗದೆ ನೀರು ಮೊಗೆದು ಮೊಗೆದು ಸೊಂಟ ಹಿಡ್ಕೊಂಡಿದ್ದು ನಿಂಗೇ ತಾನೆ?"

"ಆಗ ದೋಣಿ ಒಳಗೆ ಕೂತು ಹುಡುಕ್ತಿದ್ದೆ. ಆಮೇಲೆ ದಡಕ್ಕೆಳೆದು, ಮರದ ತುಂಡುಗಳ ಮೇಲೇರಿಸಿ, ಕೆಳಗೆ ಮಲಗಿದೆ. ಒಳಗೆ ನೀರು ತುಂಬಿದ್ರೆ ತೂತಿದ್ದಲ್ಲಿ ತೊಟ್ಟಿಕ್ಕುತ್ತೆ, ನೋಡು!"

"ನೀನು ಮಲಗಿದ್ದು ನೆರಳಿಗೆ. ಗೊರಕೆ ನಮ್ಮನೆಗೂ ಕೇಳಿಸ್ತು."

"ಯೋಚನೆ ಮಾಡೋವಾಗ ಕಣ್ಣು ಮುಚ್ಚೋದು ಇದ್ದದ್ದೇ ಮಾರಾಯ."

"ನಿನ್ನ ನಂಬ್ಕೊಂಡ್ರೆ ಆಗಲ್ಲ ಅಂತ ಹತ್ತು ಕೊಡ ನೀರು ಹೊತ್ತು ಸುರಿದೋರು ನಿಮ್ಮತ್ತೆ."

"ಸುರಿದಿದ್ದು ಅವರೇ, ಇಲ್ಲ ಅಂದ್ನಾ? ಆದ್ರೆ ತೊಟ್ಟು ಬಿದ್ದಿದ್ದು ಯಾರ ಹಣೆ ಮೇಲೆ?"

ತೆಮ್ಯೋ ಬುಟ್ಟಿಯನ್ನು ಕೆಳಗಿಟ್ಟು ಅವನ ಹಣೆಯನ್ನೇ ನೋಡಿದ.

"ಭಾಷಣಕ್ಕೆ ಅತ್ತೇನೂ ಕರ್ಕೊಂಡು ಬರಬಹುದಿತ್ತಲ್ಲೋ."

"ಒಳ್ಳೆ ಕತೆ! ಅವರೂ ಬಂದ್ರೆ ಇವತ್ತು ದೋಣಿ ತಗೊಂಡು ಮೀನಿಗೆ ಹೋಗೋರು ಯಾರು?"

ಲಾಂಚು ಕೂಗಿತು. ಅಂಗಿಯ ಇಸ್ತ್ರಿ ಕೆಡದಂತೆ ಡೆಲ್ಫಿನ್ ಮೆಲ್ಲಗೆ ಹತ್ತಿದ.