ಮನೋಳಿ ಬೇಕರಿಯ ಖಾರಿ

ಧಾರವಾಡದ ಬಸ್ಸಿಗಾಗಿ ಬೈಲಹೊಂಗಲ ನಿಲ್ದಾಣದಲ್ಲಿ ಕುಳಿತಿದ್ದ ಪದ್ಮಜಾ, ಪಕ್ಕದವರ ಮಾತಿಗೆ ಕಿವಿಗೊಡಬಾರದೆಂದೇ ಇದ್ದರು. ಆದರೆ ಮನೋಳಿಯಲ್ಲಿ ಬೇಕರಿ ನಡೆಸುವ ಆ ಗಂಡ ಹೆಂಡತಿ ಮೆಲ್ಲಗೆ ಮಾತಾಡುವವರಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದ ಗಂಡ, ಆಗಷ್ಟೇ ಡಾಕ್ಟರರಿಗೆ ತೋರಿಸಿಕೊಂಡು ಬಂದಿದ್ದ.

“ಡಾಕ್ಟ್ರು ಏನಂದ್ರು, ಇನ್ನೊಮ್ಮೆ ಹೇಳ್ರಿ.”

“ವನಸ್ಪತಿ ತುಪ್ಪ ಹಾಕಿದ್ದು ತಿನಬ್ಯಾಡ ಅಂದ್ರು. ಅದರಾಗ ಟ್ರಾನ್ಸ್ ಫ್ಯಾಟ್ ಇರತೈತಂತ, ರಕ್ತನಾಳ ಕಟ್ಟತಾವಂತ.”

“ಅಂದ್ರ ನಮ್ಮ ಖಾರಿ ಬಿಸ್ಕೀಟ?”

“ನಾ ತಿನ್ನೂದಿಲ್ಲ ಬಿಡ, ಸಿದ್ದವ್ವಾ.”

“ನೀವು ತಿನ್ನೂದಿಲ್ಲ. ಮಾರೂದು?”

ಅವನು ಬಸ್ಸು ಬರುವ ದಾರಿಯತ್ತ ನೋಡಿದ.

“ವನಸ್ಪತಿ ಇಲ್ಲಂದ್ರ ಹಂಗ ಪದರ ಬಿಡೂದಿಲ್ಲ. ನಮ್ಮಪ್ಪನ ಕಾಲದಿಂದ ಹೆಸರಾದ ಖಾರಿ ಅದು.”

“ನಿಮ್ಮ ತಮ್ಮ ಎರಡೂ ಹೊತ್ತು ಚಾದಾಗ ಅದನ್ನ ಅದ್ದಿ ತಿಂತಿದ್ದ.”

“ಅಂವಾ ಬೀಡಿನೂ ಸೇದತಿದ್ದ. ಎದಿ ಒಡದು ಸತ್ತಿದ್ದು ಅದರಿಂದನ ಇರಬೇಕು.”

“ಇರಬಹುದು. ನಾ ಇಲ್ಲ ಅನ್ನೂದಿಲ್ಲ.”

ಪದ್ಮಜಾ ಬೇರೆ ಕಡೆ ಮುಖ ತಿರುಗಿಸಿ ಕುಳಿತರು.

“ಖಾರಿ ಬಿಟ್ರ ಏನ ಮಾರೂಣು?” ಎಂದ ಗಂಡ.

“ಬ್ರೆಡ್ ಐತಿ. ನಾ ಎಳ್ಳ ಹಚ್ಚಿ ಕಟಕ ಜ್ವಾಳದ ರೊಟ್ಟಿ ಬಡದ ಕೊಡತೇನಿ.”

“ಗಿರಾಕಿ ಖಾರಿನ ಬೇಕು ಅಂದ್ರ ಏನ್ ಹೇಳ್ಲಿ?”

“ಡಾಕ್ಟ್ರು ನಿಮಗ ಹೇಳಿದ್ದನ್ನ ಹೇಳ್ರಿ.”

ಅಷ್ಟರಲ್ಲಿ ಮನೋಳಿ ಮೇಲೆ ಹೋಗುವ ಸವದತ್ತಿ ಬಸ್ಸು ಬಂತು. ಹೆಂಡತಿ ಅವನ ರಟ್ಟೆ ಹಿಡಿದು ನಿಧಾನವಾಗಿ ಎಬ್ಬಿಸಿದಳು. ಬಾಗಿಲ ಮೆಟ್ಟಿಲ ಮೇಲೆ ಅವನು ಉಸಿರು ತೆಗೆದುಕೊಳ್ಳಲು ನಿಂತ.

“ಆತು. ನಾಳಿಂದ ಖಾರಿ ಬಂದ್,” ಎಂದದ್ದು ಪದ್ಮಜಾರಿಗೆ ಕೇಳಿಸಿತು.