ಬ್ರಾಕೆಟ್ ಭಾಷಣದ ಪುಸ್ತಿಕೆ ಕಾಣೆಯಾದ ಸಂಗತಿ

ಹೆಸರು: ಲೋರೀನ್ ಸ್ಟೌಟ್. ವಯಸ್ಸು: 56 ವರ್ಷ. ಕೆಲಸ: ಟಾಲ್ಮನ್ಸ್ ಫೆರಿ ಊರ ಗ್ರಂಥಾಲಯದಲ್ಲಿ ಹಳೆಯ ಪುಸ್ತಿಕೆಗಳ ಉಸ್ತುವಾರಿ. ವಾಸ: 22, ಸಿಕಮೋರ್ ಬೀದಿ, ಟಾಲ್ಮನ್ಸ್ ಫೆರಿ, ಒಹಾಯೋ ರಾಜ್ಯ.

ದಿನಾಂಕ 10-10-1987ರ ಶನಿವಾರ ಮಧ್ಯಾಹ್ನ 3-30ಕ್ಕೆ ನಾನಾಗಿಯೇ ಠಾಣೆಗೆ ಹಾಜರಾಗಿ, ಸಾರ್ಜೆಂಟ್ ವೈಕಾಫ್ ಅವರಿಗೆ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಗ್ರಂಥಾಲಯದಲ್ಲಿ ಹಿಂದಿನ ಶತಮಾನದ ರಾಜಕೀಯ ಭಾಷಣಗಳ ಪುಸ್ತಿಕೆಗಳು 412 ಇವೆ. ಶಾಸನಸಭೆಯಲ್ಲಿ ಮಾತಾಡಿದವರು ಭಾಷಣವನ್ನು ಅಚ್ಚು ಹಾಕಿಸಿ ತಮ್ಮ ಊರಿನ ಮತದಾರರಿಗೆ ಅಂಚೆಯಲ್ಲಿ ಕಳಿಸುತ್ತಿದ್ದ ಕಾಲದವು. 38 ರಟ್ಟಿನ ಡಬ್ಬಿಗಳಲ್ಲಿವೆ. 29 ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ವರ್ಷಕ್ಕೆ ಹತ್ತು ಜನ ಕೇಳಿಕೊಂಡು ಬಂದರೆ ಹೆಚ್ಚು.

ಈ ತಿಂಗಳ 5ರ ಸೋಮವಾರ ಬೆಳಿಗ್ಗೆ 10-05ಕ್ಕೆ ಡೇಟನ್ ನಗರದ ನಿವೃತ್ತ ಬಸ್ ಚಾಲಕ ಶ್ರೀ ಅಲಾಂಜೋ ಪೆಟಿಫರ್ಡ್ ಬಂದರು. ವಯಸ್ಸು 68, ಕಪ್ಪು ಜನಾಂಗದವರು. ಡಬ್ಬಿ 14ರಲ್ಲಿರುವ, 1850ರಲ್ಲಿ ನಮ್ಮ ಭಾಗದ ಪ್ರತಿನಿಧಿ ಅಸಾಹೆಲ್ ಬ್ರಾಕೆಟ್ ಮಾಡಿದ ಭಾಷಣದ ಪುಸ್ತಿಕೆ ಕೇಳಿದರು. ಓಡಿಬಂದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸುವ ಮಸೂದೆಯ ಪರವಾಗಿ ಮಾಡಿದ ಭಾಷಣ ಅದು. ಒಟ್ಟು 16 ಪುಟ. ಹಾಳೆ ಉದುರುವ ಸ್ಥಿತಿಯಲ್ಲಿರುವುದರಿಂದ ಯಂತ್ರದಲ್ಲಿ ನಕಲು ತೆಗೆಯಲು ಬಿಡುವುದಿಲ್ಲ. ಅವರು ಸೀಸದ ಕಡ್ಡಿಯಲ್ಲಿ ನಿಧಾನವಾಗಿ ಬರೆದುಕೊಳ್ಳುತ್ತಿದ್ದರು.

7ರ ಬುಧವಾರ ಮಧ್ಯಾಹ್ನ ನಾನು ಏನು ಹುಡುಕುತ್ತಿದ್ದೀರಿ ಎಂದು ಕೇಳಿದೆ. ಅವರು 11ನೇ ಪುಟ ತೆಗೆದು ತೋರಿಸಿದರು. ನಮ್ಮ ಊರಿನ ದೋಣಿಗಟ್ಟೆಯಲ್ಲಿ ಡಾರ್ಕಸ್ ಎಂಬ ಹೆಂಗಸನ್ನೂ ಅವಳ ಇಬ್ಬರು ಹೆಣ್ಣುಮಕ್ಕಳನ್ನೂ ಹಿಡಿದು ಒಡೆಯನಿಗೆ ಒಪ್ಪಿಸಲಾಯಿತೆಂದೂ, ಅದಕ್ಕೆ ಬ್ರಾಕೆಟ್ ತನ್ನದೇ ಬಂಡಿಯನ್ನು ಕೊಟ್ಟನೆಂದೂ, ಅವಳ ಮೂರನೆಯ ಮಗು, ಒಂದು ಗಂಡುಕೂಸು, ಮಾತ್ರ ಉಪ್ಪಿನ ಪೀಪಾಯಿಗಳ ನಡುವೆ ಅವಿತು ಸಿಗದೆ ಹೋಯಿತೆಂದೂ ಅಲ್ಲಿ ಅಚ್ಚಾಗಿದೆ. ಆ ಡಬ್ಬಿಯನ್ನು ನಾನು ಎಷ್ಟೋ ಸಲ ಒರೆಸಿ ಇಟ್ಟಿದ್ದೇನೆ. ಆ ಪುಟವನ್ನು ಅವತ್ತೇ ಮೊದಲ ಸಲ ಓದಿದೆ.

ಪೆಟಿಫರ್ಡ್ ಅವರು, "ಆ ಸಿಗದೇ ಹೋದ ಕೂಸು ನಮ್ಮಜ್ಜ. ಅವನಿಗೆ ಅವರಮ್ಮನ ಹೆಸರು ಗೊತ್ತಿರ್ಲಿಲ್ಲ ಮೇಡಂ. ನಾಲ್ಕು ವರ್ಷದವನು, ಅಮ್ಮ ಅಂದ್ರೆ ಅಮ್ಮ, ಅಷ್ಟೇ. ಈ ದೋಣಿಗಟ್ಟೆ, ಇಬ್ಬರು ಅಕ್ಕಂದಿರು, ಉಪ್ಪಿನ ಪೀಪಾಯಿ, ಸಾಯೋವರೆಗೂ ಇದನ್ನೇ ಹೇಳ್ತಿದ್ದ. ಕೊನೆಗೆ ನೋಡಿ, ಹೆಸರು ಬರೆದಿಟ್ಟವನು ಹಿಡಿದುಕೊಟ್ಟವನೇ. ಅವನಿಗೊಂದು ಥ್ಯಾಂಕ್ಸ್ ಹೇಳ್ಬೇಕಾ ಏನು, ನೀವೇ ಹೇಳಿ" ಎಂದರು.

8ರ ಗುರುವಾರ ಸಂಜೆ 4-20ಕ್ಕೆ ಅವರು ಪುಸ್ತಿಕೆಯನ್ನು ನನ್ನ ಕೈಗೆ ಕೊಟ್ಟರು. ಪುಟ ಎಣಿಸಿ, ಡಬ್ಬಿಗೆ ಹಾಕಿ, ದಾರ ಕಟ್ಟಿದವಳು ನಾನು. 4-40ಕ್ಕೆ ಗ್ರಂಥಾಲಯ ಸಮಿತಿಯ ಅಧ್ಯಕ್ಷೆ ಕುಮಾರಿ ಕಾರ್ನೀಲಿಯಾ ಬ್ರಾಕೆಟ್ ಬಂದರು. ವಯಸ್ಸು 71. ಅಸಾಹೆಲ್ ಬ್ರಾಕೆಟ್ ಇವರ ಮುತ್ತಜ್ಜ. ಓದುವ ಕೋಣೆಗೆ ಆತನದೇ ಹೆಸರಿದೆ. "ಏನೇ ಲೋರೀನ್, ಇನ್ನೂ ಈ ಧೂಳಿಗೆ ಕಾವಲು ಕೂತಿದ್ದೀಯಾ" ಎಂದು ನಗುತ್ತಾ, ಡಬ್ಬಿ 14 ಕೇಳಿದರು. ಕೊಟ್ಟೆ. ಆಗ ಫೋನ್ ಬಂತು. ನಾನು ಆರು ನಿಮಿಷ ಪಕ್ಕದ ಕೋಣೆಯಲ್ಲಿದ್ದೆ. ಬರುವಷ್ಟರಲ್ಲಿ ಅವರು ಹೊರಟಿದ್ದರು. ದಾರದ ಗಂಟು ನಾನು ಹಾಕುವ ಗಂಟಾಗಿರಲಿಲ್ಲ. ನಾನು ಡಬ್ಬಿ ತೆರೆದು ನೋಡಲಿಲ್ಲ.

9ರ ಶುಕ್ರವಾರ ಬೆಳಿಗ್ಗೆ 10 ಗಂಟೆಗೆ ಪೆಟಿಫರ್ಡ್ ಬಂದು ಕೇಳಿದಾಗ ಪುಸ್ತಿಕೆ ಇರಲಿಲ್ಲ. ಇಬ್ಬರೂ 35 ನಿಮಿಷ ಹುಡುಕಿದೆವು. 10-50ಕ್ಕೆ ಕುಮಾರಿ ಬ್ರಾಕೆಟ್ ಬಂದು, ವಿಷಯ ಕೇಳಿ, ಠಾಣೆಗೆ ಫೋನ್ ಮಾಡಿದರು. 11-10ಕ್ಕೆ ಪೊಲೀಸರು ಗ್ರಂಥಾಲಯದ ಮೆಟ್ಟಿಲ ಮೇಲೆ ಪೆಟಿಫರ್ಡ್ ಅವರ ಚೀಲ ತೆರೆಸಿದರು. ಒಂದು ನೋಟುಪುಸ್ತಕ, ಎರಡು ಸೀಸದ ಕಡ್ಡಿ, ಕನ್ನಡಕದ ಪೆಟ್ಟಿಗೆ, ಕಾಗದದಲ್ಲಿ ಸುತ್ತಿದ ಸ್ಯಾಂಡ್‌ವಿಚ್ ಇದ್ದವು. ಕಾಗದ ಬಿಚ್ಚಿಸಿ ಬ್ರೆಡ್ಡಿನ ಎರಡು ಹೋಳುಗಳ ನಡುವೆಯೂ ನೋಡಲಾಯಿತು. ಒಂಬತ್ತು ಜನ ನಿಂತು ನೋಡಿದರು. ಕಿಟಕಿಯ ಒಳಗೆ ಇಪ್ಪತ್ತು ಅಡಿ ದೂರದಲ್ಲಿ ನಿಂತಿದ್ದ ನಾನು ಹತ್ತನೆಯವಳು. ಪೆಟಿಫರ್ಡ್ ಸ್ಯಾಂಡ್‌ವಿಚ್ಚನ್ನು ಮೊದಲಿದ್ದ ಹಾಗೆಯೇ ಸುತ್ತಿ ಒಳಗಿಟ್ಟರು.

11-40ಕ್ಕೆ ನನ್ನ ಹೇಳಿಕೆ ಪಡೆದರು. ಡಬ್ಬಿ ಪಡೆದವರು ಸಹಿ ಹಾಕುವ ರಿಜಿಸ್ಟರಿನಲ್ಲಿ ಕೊನೆಯ ಹೆಸರು ಪೆಟಿಫರ್ಡ್ ಅವರದು ಎಂದು ಹೇಳಿ ಸಹಿ ಹಾಕಿದೆ. ಅದು ನಿಜ. ಅಧ್ಯಕ್ಷರು ರಿಜಿಸ್ಟರಿಗೆ ಸಹಿ ಹಾಕುವ ವಾಡಿಕೆ ಇಲ್ಲ ಎಂಬುದೂ ನಿಜ. ಅದನ್ನೂ, ಪೆಟಿಫರ್ಡ್ ಅವರ ನಂತರ ಡಬ್ಬಿ ಪಡೆದವರು ಅಧ್ಯಕ್ಷರೇ ಎಂಬುದನ್ನೂ ನಾನು ಹೇಳಲಿಲ್ಲ. ನನಗೆ ಈ ಕೆಲಸ ಕೊಡಿಸಿದವರು ಕುಮಾರಿ ಬ್ರಾಕೆಟ್. ನನ್ನ ತಾಯಿ ಕ್ಯಾನ್ಸರಿನಿಂದ ಮಲಗಿದ್ದ ಐದು ತಿಂಗಳು, ಪ್ರತಿ ಮಂಗಳವಾರ ಬಂದು ಪಕ್ಕದಲ್ಲಿ ಕೂತವರೂ ಅವರೇ.

ಈ ದಿನ ಬೆಳಿಗ್ಗೆ 9-15ಕ್ಕೆ ನಾನು ಮುಕ್ಕಾಲು ಮೈಲಿ ನಡೆದು ಅವರ ಮನೆಗೆ ಹೋದೆ. ಪುಸ್ತಿಕೆ ಊಟದ ಮೇಜಿನ ಮೇಲಿತ್ತು. ಪಕ್ಕದಲ್ಲಿ ಹೊಲಿಗೆಯ ಕತ್ತರಿ ಇತ್ತು. ಅವರು ಮುಚ್ಚುಮರೆ ಮಾಡಲಿಲ್ಲ.

"ಸೋಮವಾರ ಇದು ಬೇರೆ ಯಾವುದೋ ಡಬ್ಬಿಯಲ್ಲಿ ಸಿಕ್ಕುತ್ತೆ. ನೀನೇ ಹುಡುಕಿ ತೆಗಿ. ಹನ್ನೊಂದನೇ ಪುಟ ಒಂದಿರಲ್ಲ, ಹಳೇ ಕಾಗದ, ಉದುರಿಹೋಯ್ತು ಅಂದ್ರಾಯ್ತು" ಎಂದರು.

ಹಾಗಾದರೆ ಕಿತ್ತವರು ಪೆಟಿಫರ್ಡ್ ಎಂದು ಜನ ಅಂದುಕೊಳ್ಳುತ್ತಾರೆ ಎಂದೆ.

"ಅವನು ನಾಳೆ ಬೆಳಗಾದ್ರೆ ಡೇಟನ್‌ಗೆ ಹೋಗ್ತಾನೆ ಕಣೇ. ನಾನು ಇದೇ ಊರಲ್ಲಿ ಸಾಯಬೇಕು" ಎಂದರು.

ಅವರು ಅದನ್ನು ಇಪ್ಪತ್ತನೇ ವಯಸ್ಸಿನಲ್ಲೇ ಓದಿದ್ದರಂತೆ. ಐವತ್ತೊಂದು ವರ್ಷ ಯಾರೂ ಕೇಳಿಕೊಂಡು ಬರಲಿಲ್ಲವಂತೆ.

ನಾನು ಪುಸ್ತಿಕೆಯ ಒಂದು ತುದಿ ಹಿಡಿದೆ. ಅವರು ಇನ್ನೊಂದು ತುದಿ ಹಿಡಿದರು. 137 ವರ್ಷದ ಕಾಗದ, ಯಾರು ಎಳೆದರೂ ಹರಿಯುತ್ತಿತ್ತು. ನಾನು ಎಳೆಯಲಿಲ್ಲ, ಬಿಡಲೂ ಇಲ್ಲ. ಗೋಡೆ ಗಡಿಯಾರದ ಪ್ರಕಾರ ಸುಮಾರು ಎರಡು ನಿಮಿಷ ಹಾಗೇ ನಿಂತಿದ್ದೆವು. ಆಮೇಲೆ ಅವರು, "ನೀನು ಬಿಡೋಳಲ್ಲ, ಹರಿದುಬಿಡ್ತೀಯ" ಎಂದು ಕೈ ಬಿಟ್ಟರು. ಕತ್ತರಿಯನ್ನು ತಾವೇ ಡ್ರಾಯರಿನೊಳಗೆ ಇಟ್ಟರು. ನಾನು ಬರುವಾಗ ಬಾಗಿಲವರೆಗೆ ಬರಲಿಲ್ಲ.

10-10ರಿಂದ 2-15ರವರೆಗೆ ನನ್ನ ಮನೆಯಲ್ಲಿ ಪುಸ್ತಿಕೆಯನ್ನು ಎದುರಿಗಿಟ್ಟುಕೊಂಡು ಕೂತಿದ್ದೆ. ಬೇರೇನೂ ಮಾಡಲಿಲ್ಲ. 2-40ಕ್ಕೆ ನದಿ ರಸ್ತೆಯ ವಸತಿಗೃಹಕ್ಕೆ ಹೋದೆ. ಪೆಟಿಫರ್ಡ್ ಬಟ್ಟೆ ಮಡಚುತ್ತಿದ್ದರು. ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಅವರು ಕೈಯಲ್ಲಿದ್ದ ಅಂಗಿಯನ್ನು ಪೂರ್ತಿ ಮಡಚಿ ಇಟ್ಟರು.

"ನನ್ನ ಹತ್ತಿರ ಹೇಳಿ ಏನು ಮಾಡ್ತೀರಮ್ಮಾ. ನನಗೆ ಗೊತ್ತಿತ್ತಲ್ಲ, ನಾನು ತಗೊಂಡಿಲ್ಲ ಅಂತ. ಎಲ್ಲಿ ಅರ್ಧ ಹೇಳಿದ್ರೋ ಅಲ್ಲೇ ಹೋಗಿ ಇನ್ನರ್ಧ ಹೇಳಿ" ಎಂದರು.

ಪುಸ್ತಿಕೆ ಬೇಕೇ, ಒಮ್ಮೆ ನೋಡುತ್ತೀರಾ ಎಂದೆ. "ಬೇಡ. ನಾನು ಬರ್ಕೊಂಡಾಗಿದೆ. ನನ್ನ ಮೊಮ್ಮಗಳು ಬಂದು ಕೇಳಿದ್ರೆ ತೆಗೆದು ತೋರ್ಸಿ. ನನ್ನ ಕೈಬರಹ ಅವಳು ನಂಬಬೇಕಲ್ಲ" ಎಂದರು. ಅಲ್ಲಿಂದ ನೇರವಾಗಿ ಇಲ್ಲಿಗೆ ಬಂದಿದ್ದೇನೆ. 16 ಪುಟಗಳೂ ಇರುವ ಪುಸ್ತಿಕೆಯನ್ನು ಹಾಜರುಪಡಿಸಿದ್ದೇನೆ. ದಯವಿಟ್ಟು ಮಡಚಬಾರದು, ಪಿನ್ನು ಚುಚ್ಚಬಾರದು.

ಕುಮಾರಿ ಬ್ರಾಕೆಟ್ ಅವರ ಮೇಲೆ ಏನು ಕ್ರಮ ಎಂಬುದು ಇಲಾಖೆಗೆ ಬಿಟ್ಟದ್ದು. ಪೆಟಿಫರ್ಡ್ ಅವರ ಚೀಲ ಶೋಧಿಸಿದ ದಾಖಲೆಯಲ್ಲಿ, ಅವರು ಏನನ್ನೂ ತೆಗೆದಿಲ್ಲವೆಂದು ಸೇರಿಸಬೇಕಾಗಿ ಕೋರುತ್ತೇನೆ.

ಸಾರ್ಜೆಂಟ್ ವೈಕಾಫ್ ಅವರು ನನ್ನ ಪರಿಚಯದವರು. "ಹೋಗ್ಲಿ ಬಿಡಿ ಲೋರೀನ್, ನಿನ್ನೆಯ ಹೇಳಿಕೆ ಹರಿದುಹಾಕೋಣ. ಇದೊಂದೇ ಇರ್ಲಿ. ಮುಂದೆ ಓದಿದವರು ನಿಮ್ಮನ್ನ ತಪ್ಪು ತಿಳ್ಕೊಳ್ಳೋದು ಬೇಡ" ಎಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನು ಒಪ್ಪಲಿಲ್ಲ. ನಿನ್ನೆಯದನ್ನೂ ಹೇಳಿದವಳು ನಾನೇ. ಎರಡನ್ನೂ ಒಂದೇ ಕಡತದಲ್ಲಿ, ದಿನಾಂಕದ ಪ್ರಕಾರ, ಒಂದರ ಹಿಂದೆ ಒಂದು ಇಡಬೇಕು. ಯಾರಾದರೂ ಕೇಳಿಕೊಂಡು ಬಂದರೆ ಎರಡೂ ಸಿಗಬೇಕು.

ಬರೆದುಕೊಂಡದ್ದನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ. ಈ ಸಲ ಏನನ್ನೂ ಬಿಟ್ಟಿಲ್ಲ.

ಸ್ಥಳ: ಟಾಲ್ಮನ್ಸ್ ಫೆರಿ
ದಿನಾಂಕ: 10-10-1987, ಸಂಜೆ 5-05
ಸಹಿ: ಲೋರೀನ್ ಸ್ಟೌಟ್