ಗೋಡೌನಿನ ಗುಣ

ದೊಮ್ಮಲೂರಿನ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಐವತ್ತರ ಆಸುಪಾಸಿನವಳ ಕೊರಳಲ್ಲಿ ಸೀರೆ ಅಂಗಡಿಯ ಐಡಿ ಕಾರ್ಡು, ಅದರಲ್ಲಿ ಸುಕನ್ಯ ಎಂಬ ಹೆಸರು. ಜೊತೆಯಲ್ಲಿದ್ದ ಹಿರಿಯಳು ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಕೆನ್ನೆ ಮೇಲಿನ ಕಲೆ ಎಲ್ಲೇ? ಕಾಣ್ತಾನೇ ಇಲ್ವಲ್ಲ!"

"ಆ್ಯಸಿಡ್ ಕ್ರೀಮ್, ಪಟಾಲಮ್ಮಕ್ಕ. ಡಾಕ್ಟ್ರು ಕೊಟ್ರು. ಎಂಟು ತಿಂಗಳು ಹಚ್ಚಿದೀನಿ."

"ಆ್ಯಸಿಡ್ಡಾ! ಉರೀಲಿಲ್ವಾ?"

"ಮೊದಮೊದಲು ಉರೀತು, ಸಿಪ್ಪೆನೂ ಎದ್ತು. ಆಮೇಲೆ ಒರಟೆಲ್ಲಾ ಹೋಗಿ ನುಣ್ಣಗಾಯ್ತು. ಕಲೆ ಪೂರ್ತಿ ಹೋಗಿಲ್ಲ, ತಿಳಿಯಾಗಿದೆ ಅಷ್ಟೆ."

"ಹಂಗಾದ್ರೆ ಮತ್ತೆ ಅಂಗಡಿ ಕೌಂಟರಿಗೆ ಕರ್ಕೊಂಡ್ರಾ?"

"ಎಲ್ಲಕ್ಕಾ! ಇಪ್ಪತ್ತು ವರ್ಷ ನನ್ ಹೆಗಲ ಮೇಲೇ ಸೀರೆ ಹೊದ್ದು ಗಿರಾಕಿಗಳಿಗೆ ತೋರ್ಸಿದೀನಿ. ಮುಖದಲ್ಲಿ ಕಲೆ ಬಂತು ಅಂತ ಗೋಡೌನಲ್ಲಿ ಸೀರೆ ಮಡಚೋಕೆ ಹಾಕ್ಬಿಟ್ರು. ಇವತ್ತು ಓನರ್ ಮುಂದೆ ಹೋಗಿ ನಿಂತೆ. ನೋಡಿ ಸಾರ್, ಹೋಯ್ತು ಅಂದೆ."

"ಏನಂದ್ರು?"

"ಚೆನ್ನಾಗಿ ಕಾಣ್ತಿದೀಯ ಸುಕನ್ಯ ಅಂದ್ರು. ಗೋಡೌನಲ್ಲಿ ಬಿಸಿಲು ಬೀಳಲ್ಲ ನೋಡು, ಅದಕ್ಕೇ ಕಲೆ ಹೋಗಿದೆ, ನಿಂಗೆ ಅದೇ ಒಗ್ಗಿದೆ, ಅಲ್ಲೇ ಇರು ಅಂದ್ರು."

"ಥೂ, ಅವನ ಬಾಯಿಗೆ ಮಣ್ಣಾಕ! ಆ ಕ್ರೀಮ್ ಬಿಸಾಕು ಮೊದ್ಲು."

ಬಸ್ಸು ಬಂದು, ನೆರಳು ದಾಟಿ ಮುಂದೆ ಬಿಸಿಲಲ್ಲಿ ನಿಂತಿತು. ಸುಕನ್ಯ ಸೆರಗೆಳೆದು ಮುಖ ಮುಚ್ಚಿಕೊಂಡಳು.

"ಬಿಸಿಲಿಗೆ ಮುಖ ಒಡ್ಬೇಡ ಅಂದಿದಾರಕ್ಕ ಡಾಕ್ಟ್ರು."

"ಆ ಮುಖ ಕಾಪಾಡ್ಕೊಂಡು ಇನ್ಯಾರಿಗೆ ತೋರ್ಸೋಕೆ? ಗೋಡೌನಲ್ಲಿರೋ ಸೀರೆಗಾ?"

ಸುಕನ್ಯ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಬಸ್ಸಿನ ಕಡೆ ಓಡಿದಳು.